ಮಾರುತಿ 800: ಆ ಎಂಟುನೂರು ಏನು?

ಒಂದು ಶಾಲೆಯಲ್ಲಿ ವಿಜ್ಞಾನ ಮೇಳ ಮುಗಿಸಿಕೊಂಡು ಹೊರಡುತ್ತಿದ್ದೆ. ಗೇಟಿನ ಹೊರಗೆ ಹಳೆಯ ಬಿಳಿ ಕಾರೊಂದು ನಿಂತಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಅದರ ಹಿಂಬದಿಯ ಅಕ್ಷರಗಳನ್ನು ಓದಿ, "ಸರ್, ಮಾರುತಿ 800 ಅಂತ ಬರೆದಿದೆಯಲ್ಲ, ಈ 800 ಅಂದರೆ ಏನು?" ಎಂದು ಕೇಳಿದಳು. ಪಕ್ಕದಲ್ಲಿದ್ದ ಹುಡುಗ "ಅಷ್ಟು ಕಿಲೋ ತೂಕ ಕಣೇ" ಎಂದ. ಇನ್ನೊಬ್ಬ "ಅಲ್ಲ, ಅದು ಮಾಡೆಲ್ ನಂಬರು" ಎಂದ. ಇಬ್ಬರದೂ ಸರಿಯಿರಲಿಲ್ಲ. ನನಗೆ ಬಸ್ಸಿಗೆ ಹೊತ್ತಾಗಿತ್ತು, ಪೂರ್ತಿ ಉತ್ತರ ಹೇಳಲು ಆಗಲಿಲ್ಲ. ಆ ಬಾಕಿಯನ್ನು ಈ ಪುಟಗಳಲ್ಲಿ ತೀರಿಸುತ್ತಿದ್ದೇನೆ.

ಮಕ್ಕಳೇ, ನಿಮ್ಮಲ್ಲಿ ಕೆಲವರು ಈ ಕಾರನ್ನು ನೋಡಿರಬಹುದು. ಹೊಸದಾಗಿ ತಯಾರಾಗುವುದು 2014ರಲ್ಲೇ ನಿಂತುಹೋಯಿತು. ಅದಕ್ಕೆ ಮೊದಲು ಸುಮಾರು 30 ವರ್ಷ ಇದು ತಯಾರಾಯಿತು, 25 ಲಕ್ಷಕ್ಕೂ ಹೆಚ್ಚು ಕಾರುಗಳು ಕಾರ್ಖಾನೆಯಿಂದ ಹೊರಬಂದವು. ನಾನು ಚಿಕ್ಕವನಿದ್ದಾಗ ನಮ್ಮ ಊರಿಗೆ ಬಂದ ಮೊದಲ ಮಾರುತಿ ಒಬ್ಬ ಡಾಕ್ಟರದ್ದು. ಅದು ಬಂದಾಗ ನಾವು ಹುಡುಗರೆಲ್ಲ ಓಡಿಹೋಗಿ ಸುತ್ತ ನಿಲ್ಲುತ್ತಿದ್ದೆವು. ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಬಾನೆಟ್ಟಿಗೆ ಕಿವಿ ಕೊಡಬೇಕಾಗಿತ್ತು. ಅದುವರೆಗೆ ನಾವು ಕಂಡಿದ್ದ ಅಂಬಾಸಿಡರ್ ಕಾರುಗಳ ಸದ್ದು ಬೀದಿಯ ತಿರುವಿನಲ್ಲೇ ಕೇಳಿಸುತ್ತಿತ್ತು.

ಈಗ 800ರ ವಿಷಯ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪನ್ನು ನೆನಪಿಸಿಕೊಳ್ಳಿ. ಕೊಳವೆಯೊಳಗೆ ಒಂದು ಬಿಲ್ಲೆ ಮೇಲೆ ಕೆಳಗೆ ಆಡುತ್ತದೆ. ಕಾರಿನ ಎಂಜಿನ್ನಿನಲ್ಲಿಯೂ ಇಂತಹ ಗಟ್ಟಿ ಕೊಳವೆಗಳಿವೆ. ಅವು ಸಿಲಿಂಡರುಗಳು. ಅವುಗಳೊಳಗೆ ಆಡುವ ಬಿಲ್ಲೆ ಪಿಸ್ಟನ್. ಪಂಪಿನಲ್ಲಿ ನಾವು ಪಿಸ್ಟನ್ನನ್ನು ತಳ್ಳುತ್ತೇವೆ, ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲ್ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಚಲಿಸುವಾಗ ಎಷ್ಟು ಜಾಗವನ್ನು ತೆರವು ಮಾಡುತ್ತದೋ ಅದೇ ಆ ಸಿಲಿಂಡರಿನ ಘನಗಾತ್ರ. ಎಲ್ಲ ಸಿಲಿಂಡರುಗಳ ಘನಗಾತ್ರವನ್ನು ಕೂಡಿದರೆ ಎಂಜಿನ್ನಿನ ಗಾತ್ರ ಸಿಗುತ್ತದೆ. ಅದನ್ನು ಘನ ಸೆಂಟಿಮೀಟರಿನಲ್ಲಿ, ಅಂದರೆ ಸಿ.ಸಿ.ಯಲ್ಲಿ ಹೇಳುತ್ತಾರೆ.

ಮಾರುತಿ 800ರಲ್ಲಿ ಮೂರು ಸಿಲಿಂಡರುಗಳಿವೆ. ಪ್ರತಿಯೊಂದರ ಒಳವ್ಯಾಸ 68.5 ಮಿಲಿಮೀಟರ್, ಅಂದರೆ 6.85 ಸೆಂ.ಮೀ. ಪಿಸ್ಟನ್ ಚಲಿಸುವ ದೂರ 72 ಮಿಲಿಮೀಟರ್, ಅಂದರೆ 7.2 ಸೆಂ.ಮೀ. ಸಿಲಿಂಡರಿನ ಘನಫಲದ ಸೂತ್ರ ನಿಮಗೆ ಗೊತ್ತು: ಪೈ ಗುಣಿಸು ತ್ರಿಜ್ಯದ ವರ್ಗ ಗುಣಿಸು ಎತ್ತರ. ಇಲ್ಲಿ ತ್ರಿಜ್ಯ 3.425 ಸೆಂ.ಮೀ., ಅದರ ವರ್ಗ ಸುಮಾರು 11.73. ಪೈಗೆ 3.1416 ಎಂದು ಇಟ್ಟುಕೊಂಡು ಗುಣಿಸಿದರೆ 36.85. ಅದನ್ನು 7.2ರಿಂದ ಗುಣಿಸಿದರೆ ಸುಮಾರು 265.3. ಇದು ಒಂದು ಸಿಲಿಂಡರಿನ ಲೆಕ್ಕ. ಮೂರಕ್ಕೆ ಸುಮಾರು 796.

ನೋಡಿದಿರಾ, 800 ಅಲ್ಲ, 796. ಹೆಸರಿಗೆ ಚೆನ್ನಾಗಿರಲಿ ಎಂದು ನಾಲ್ಕು ಸಿ.ಸಿ. ಸೇರಿಸಿಕೊಂಡರು! ಒಂದು ಲೀಟರ್ ನೀರಿನ ಬಾಟಲಿಯಲ್ಲಿ 1000 ಘನ ಸೆಂಟಿಮೀಟರ್ ಹಿಡಿಸುತ್ತದೆ. ನಾಲ್ಕೈದು ಜನರನ್ನು ಹೊತ್ತು ಓಡುವ ಈ ಕಾರಿನ ಎಂಜಿನ್ನಿನ ಗಾತ್ರ ಒಂದು ಬಾಟಲಿಯಷ್ಟೂ ಇಲ್ಲ. ಅದೇ ಕಾಲದ ಅಂಬಾಸಿಡರಿನ ಎಂಜಿನ್ 1489 ಸಿ.ಸಿ., ಹೆಚ್ಚುಕಡಿಮೆ ಎರಡರಷ್ಟು. ಇಷ್ಟು ಚಿಕ್ಕ ಎಂಜಿನ್ ಇಟ್ಟುಕೊಂಡು ಕಾರು ಹೇಗೆ ಓಡಿತು? ಅದಕ್ಕೆ ಜಪಾನಿಗೆ ಹೋಗಿಬರಬೇಕು.

ಜಪಾನಿನ ಚಿಕ್ಕ ಕಾರು

ಎರಡನೆಯ ಮಹಾಯುದ್ಧದ ನಂತರ ಜಪಾನಿನ ಜನರ ಕೈಯಲ್ಲಿ ಹಣವಿರಲಿಲ್ಲ, ಅಲ್ಲಿನ ಊರುಗಳ ರಸ್ತೆಗಳೂ ಕಿರಿದು. ಅಲ್ಲಿನ ಸರ್ಕಾರ 1949ರಲ್ಲಿ 'ಕೇ' ಎಂಬ ಹೆಸರಿನ ಪುಟ್ಟ ವಾಹನಗಳ ವರ್ಗವೊಂದನ್ನು ಮಾಡಿತು. 'ಕೇ' ಎಂದರೆ ಜಪಾನಿ ಭಾಷೆಯಲ್ಲಿ ಹಗುರ. ಕಾರು ಇಷ್ಟೇ ಉದ್ದ, ಇಷ್ಟೇ ಅಗಲ, ಎಂಜಿನ್ ಇಷ್ಟೇ ಸಿ.ಸಿ. ಇರಬೇಕು, ಹಾಗಿದ್ದರೆ ತೆರಿಗೆ ಕಡಿಮೆ. 1976ರಿಂದ ಈ ಮಿತಿ 550 ಸಿ.ಸಿ., ಉದ್ದ 3.2 ಮೀಟರ್, ಅಗಲ 1.4 ಮೀಟರ್ ಎಂದಾಯಿತು. ಸುಜುಕಿ ಕಂಪನಿ ಈ ಅಳತೆಯೊಳಗೆ ಕಾರು ಮಾಡುವುದರಲ್ಲಿ ಪಳಗಿತ್ತು.

1979ರಲ್ಲಿ ಅದು ಆಲ್ಟೋ ಎಂಬ ಕಾರನ್ನು 4,70,000 ಯೆನ್‌ಗೆ ಮಾರಲು ತಂದಿತು. ಆ ಕಾಲಕ್ಕೆ ಅದು ಬಹಳ ಅಗ್ಗ. ಅಗ್ಗವಾಗಲು ಒಂದು ಜಾಣ ಉಪಾಯವಿತ್ತು. ಜನ ಕೂರುವ ಕಾರಿಗೆ ಅಲ್ಲಿ ಹೆಚ್ಚು ತೆರಿಗೆ, ಸರಕು ಸಾಗಿಸುವ ವಾಹನಕ್ಕೆ ಇಲ್ಲ. ಹಾಗಾಗಿ ಆಲ್ಟೋವನ್ನು ಪುಟ್ಟ ಸರಕು ವಾಹನವೆಂದು ನೋಂದಾಯಿಸುವಂತೆ ಮಾಡಿದರು. ಅಗ್ಗದ ಕಾರು ಎಂದರೆ ಕೇವಲ ಎಂಜಿನ್ನಿನ ವಿದ್ಯೆಯಲ್ಲ, ಸುಂಕದ ಪುಸ್ತಕವನ್ನೂ ಸರಿಯಾಗಿ ಓದಬೇಕು!

ಇತ್ತ ನಮ್ಮ ದೇಶದಲ್ಲಿ ಆಗ ಕಾರು ಕೊಳ್ಳುವವರಿಗೆ ಸಿಗುತ್ತಿದ್ದುದು ಮುಖ್ಯವಾಗಿ ಎರಡು: ಕೋಲ್ಕತ್ತದ ಹತ್ತಿರದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್, ಮುಂಬಯಿಯ ಪದ್ಮಿನಿ. ಎರಡೂ 1950ರ ದಶಕದ ವಿದೇಶಿ ಕಾರುಗಳ ವಿನ್ಯಾಸದವು. ಹಣ ಕಟ್ಟಿದರೂ ಕಾರು ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕಿತ್ತು. ಭಾರತ ಸರ್ಕಾರ 1981ರಲ್ಲಿ ಮಾರುತಿ ಉದ್ಯೋಗ್ ಎಂಬ ಕಂಪನಿಯನ್ನು ಸ್ಥಾಪಿಸಿ, 1982ರ ಅಕ್ಟೋಬರಿನಲ್ಲಿ ಸುಜುಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಮೊದಲು ಭೆಲ್ ಸಂಸ್ಥೆಯನ್ನು ನಡೆಸಿದ್ದ ವಿ. ಕೃಷ್ಣಮೂರ್ತಿಯವರು ಹೊಸ ಕಂಪನಿಯನ್ನು ಕಟ್ಟುವ ಹೊಣೆ ಹೊತ್ತರು. ದೆಹಲಿಯ ಪಕ್ಕದ ಗುರುಗ್ರಾಮದಲ್ಲಿ (ಆಗ ಅದು ಗುಡಗಾಂವ್) ಕಾರ್ಖಾನೆ. ಬುಕಿಂಗ್ ತೆರೆದಾಗ ಒಂದು ಲಕ್ಷಕ್ಕೂ ಹೆಚ್ಚು ಜನ ಮುಂಗಡ ಹಣ ಕಟ್ಟಿದರು. ಅಷ್ಟು ಕಾರುಗಳೆಲ್ಲಿ? ಚೀಟಿ ಎತ್ತಿ ಸರದಿ ನಿಗದಿ ಮಾಡಬೇಕಾಯಿತು.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಯನ್ನು ಕೊಟ್ಟರು. ಪಡೆದವರು ಮಂತ್ರಿಯೂ ಅಲ್ಲ, ಸಾಹುಕಾರರೂ ಅಲ್ಲ. ಚೀಟಿಯಲ್ಲಿ ಹೆಸರು ಬಂದಿದ್ದ, ಇಂಡಿಯನ್ ಏರ್‌ಲೈನ್ಸ್‌ನ ಒಬ್ಬ ನೌಕರರು. ಬೆಲೆ 50 ಸಾವಿರ ರೂಪಾಯಿಯ ಆಸುಪಾಸು. ಆ ಮೊದಲ ಕಾರನ್ನು ಕಂಪನಿ ಈಗ ರಿಪೇರಿ ಮಾಡಿಸಿ ತನ್ನ ಮುಖ್ಯ ಕಚೇರಿಯಲ್ಲಿ ಇಟ್ಟಿದೆ. ಜಪಾನಿನ 550 ಸಿ.ಸಿ. ಮಿತಿ ನಮಗೆ ಅನ್ವಯಿಸುವುದಿಲ್ಲವಲ್ಲ, ಆದ್ದರಿಂದ ಇಲ್ಲಿಯ ಕಾರಿಗೆ ಸುಜುಕಿಯ 796 ಸಿ.ಸಿ. ಎಂಜಿನ್ ಬಂತು. ಮೊದಮೊದಲು ಹೆಚ್ಚಿನ ಬಿಡಿಭಾಗಗಳು ಜಪಾನಿನಿಂದಲೇ ಬರುತ್ತಿದ್ದವು. ವರ್ಷಗಳು ಕಳೆದಂತೆ ಒಂದೊಂದಾಗಿ ಇಲ್ಲೇ ತಯಾರಾದವು. ಒಂದು ಕಾರಿಗೆ ಸಾವಿರಾರು ಬಿಡಿಭಾಗಗಳು ಬೇಕು. ಅವನ್ನು ಒದಗಿಸಲು ಎಷ್ಟೋ ಸಣ್ಣ ದೊಡ್ಡ ಕಾರ್ಖಾನೆಗಳು ಹುಟ್ಟಿಕೊಂಡವು.

ತೂಕ ಇಳಿಸುವ ಲೆಕ್ಕ

ಎತ್ತಿನ ಗಾಡಿಯಲ್ಲಿ ಎಂಟು ಮೂಟೆ ಇದ್ದರೆ ಎತ್ತುಗಳು ಏರನ್ನು ಸುಲಭವಾಗಿ ಹತ್ತುತ್ತವೆ. ಹದಿನೈದು ಮೂಟೆ ಹೇರಿದರೆ ನೊಗ ಕೊಡವಿ ನಿಲ್ಲುತ್ತವೆ. ಎಂಜಿನ್ನಿಗೂ ಇದೇ ಕಷ್ಟ. ಅಂಬಾಸಿಡರಿನ ತೂಕ ಒಂದು ಟನ್ನಿಗೂ ಹೆಚ್ಚು. ಮಾರುತಿ 800ರದು ಸುಮಾರು 650 ಕಿಲೋ. ಎಂಜಿನ್ ಅರ್ಧವಾದರೆ ತೂಕವೂ ಹತ್ತಿರ ಹತ್ತಿರ ಅರ್ಧ. ಚಿಕ್ಕ ಎಂಜಿನ್ ಸಾಕಾದದ್ದು ಇದೇ ಕಾರಣಕ್ಕೆ.

ಆದರೆ ಕಾರನ್ನು ಸುಮ್ಮನೆ ಚಿಕ್ಕದು ಮಾಡಿದರೆ ಒಳಗೆ ಕೂರುವವರೇನು ಚಿಕ್ಕವರಾಗುತ್ತಾರೆಯೇ? ಇಲ್ಲಿದೆ ನಿಜವಾದ ಚಮತ್ಕಾರ. ಹಳೆಯ ಕಾರುಗಳಲ್ಲಿ ಎಂಜಿನ್ ಮುಂದೆ, ಉದ್ದುದ್ದವಾಗಿ ಕೂತಿರುತ್ತದೆ. ಅದರ ಹಿಂದೆ ಗೇರ್ ಪೆಟ್ಟಿಗೆ. ಅಲ್ಲಿಂದ ಒಂದು ಉದ್ದನೆಯ ಕಬ್ಬಿಣದ ದಂಡ ಕಾರಿನ ನೆಲದಡಿ ಹಾದು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಜಾಯಿಂಟ್ ಶಾಫ್ಟ್ ಅನ್ನುತ್ತಾರೆ. ಅದು ಹಾದುಹೋಗಲು ಕಾರಿನ ನೆಲದ ನಡುವೆ ದಿಬ್ಬದಂತೆ ಉಬ್ಬು ಬೇಕು. ಮೂರು ಜನ ಹಿಂದೆ ಕೂತರೆ ನಡುವೆ ಕೂತವನು ಆ ಉಬ್ಬಿನ ಮೇಲೆ ಕಾಲಿಟ್ಟು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಳ್ಳಬೇಕು. ನಾನು ಮದುವೆಗಳಿಗೆ ಹೋಗುವಾಗ ಯಾವಾಗಲೂ ನಡುವಿನವನೇ ಆಗಿರುತ್ತಿದ್ದೆ.

ಮಾರುತಿಯಲ್ಲಿ ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ ಇಟ್ಟರು. ಗೇರ್ ಪೆಟ್ಟಿಗೆ ಅದರ ಪಕ್ಕಕ್ಕೆ. ಅಲ್ಲಿಂದ ಎರಡು ಗಿಡ್ಡ ದಂಡಗಳು ನೇರವಾಗಿ ಮುಂದಿನ ಚಕ್ರಗಳಿಗೆ. ಉದ್ದನೆಯ ದಂಡವೂ ಇಲ್ಲ, ಉಬ್ಬೂ ಇಲ್ಲ. ಬಾನೆಟ್ ಗಿಡ್ಡವಾಯಿತು, ಉಳಿದ ಉದ್ದವೆಲ್ಲ ಕೂರುವವರಿಗೆ. ಈ ಜೋಡಣೆ ಸುಜುಕಿಯವರ ಸ್ವಂತದ್ದಲ್ಲ. ಬ್ರಿಟನ್ನಿನ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು 1959ರಲ್ಲಿ 'ಮಿನಿ' ಎಂಬ ಕಾರಿನಲ್ಲಿ ಅದನ್ನು ಮಾಡಿ ತೋರಿಸಿ, ಜಗತ್ತಿನ ಚಿಕ್ಕ ಕಾರುಗಳಿಗೆಲ್ಲ ದಾರಿ ಹಾಕಿಕೊಟ್ಟಿದ್ದರು. ಕಷ್ಟ ಒಂದಿತ್ತು. ಮುಂದಿನ ಚಕ್ರಗಳು ತಿರುಗಬೇಕು, ಜೊತೆಗೆ ಎಡಕ್ಕೆ ಬಲಕ್ಕೆ ಹೊರಳಲೂ ಬೇಕು. ಹೊರಳಿದಾಗಲೂ ಒಂದೇ ಸಮನೆ ಶಕ್ತಿ ಸಾಗಿಸುವ ವಿಶೇಷ ಕೀಲು ಬೇಕಾಯಿತು. ನಿಮ್ಮ ಮಣಿಕಟ್ಟನ್ನು ಬಾಗಿಸಿಕೊಂಡೇ ಸ್ಕ್ರೂ ಡ್ರೈವರನ್ನು ತಿರುಗಿಸಿ ನೋಡಿ, ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯುತ್ತದೆ.

ಚಕ್ರವೂ ಚಿಕ್ಕದು: 12 ಇಂಚಿನದು. ಅಂಬಾಸಿಡರಿಗೆ 15 ಇಂಚು. ಚಕ್ರ ಚಿಕ್ಕದಾದರೆ ಅದಕ್ಕಾಗಿ ಕಾರಿನ ಒಳಗೆ ಬಿಡಬೇಕಾದ ಜಾಗವೂ ಕಡಿಮೆ. ಆದರೆ ಚಿಕ್ಕ ಚಕ್ರ ಗುಂಡಿಗೆ ಆಳವಾಗಿ ಇಳಿಯುತ್ತದೆ. ಬಳೆಯೊಂದನ್ನೂ ಸೈಕಲ್ ಚಕ್ರವನ್ನೂ ಒಂದೇ ಗುಂಡಿಯ ಮೇಲೆ ಉರುಳಿಸಿದರೆ ವ್ಯತ್ಯಾಸ ಕಾಣುತ್ತದೆ. ನಮ್ಮ ಹಳ್ಳಿ ರಸ್ತೆಗಳಲ್ಲಿ ಅಂಬಾಸಿಡರನ್ನು ಜನ ಬಹುಕಾಲ ಬಿಡದಿದ್ದುದಕ್ಕೆ ಇದೂ ಒಂದು ಕಾರಣ.

ಸಿಲಿಂಡರುಗಳು ಮೂರೇ ಆದದ್ದೂ ಉಳಿತಾಯಕ್ಕೇ. ಎಂಜಿನ್ನಿನ ಪಿಸ್ಟನ್ ನಾಲ್ಕು ಹೊಡೆತಗಳಲ್ಲಿ ಕೆಲಸ ಮಾಡುತ್ತದೆ. ಕೆಳಗಿಳಿದು ಗಾಳಿ ಮತ್ತು ಪೆಟ್ರೋಲ್ ಆವಿಯನ್ನು ಒಳಗೆಳೆದುಕೊಳ್ಳುತ್ತದೆ, ಮೇಲೇರಿ ಅದನ್ನು ಒತ್ತುತ್ತದೆ. ಆಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ, ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಗೆ ನೂಕುತ್ತದೆ. ಮತ್ತೆ ಮೇಲೇರಿ ಹೊಗೆಯನ್ನು ಹೊರಗಟ್ಟುತ್ತದೆ. ನಾಲ್ಕರಲ್ಲಿ ಒಂದೇ ಹೊಡೆತ ದುಡಿಯುತ್ತದೆ, ಉಳಿದ ಮೂರು ತಯಾರಿ ಮತ್ತು ಶುಚಿ. ನಾಲ್ಕು ಸಿಲಿಂಡರುಗಳಿದ್ದರೆ ಯಾವ ಕ್ಷಣದಲ್ಲಾದರೂ ಒಂದು ಸಿಲಿಂಡರ್ ದುಡಿಯುತ್ತಿರುತ್ತದೆ. ಮೂರೇ ಇದ್ದರೆ ನಡುನಡುವೆ ಯಾರೂ ದುಡಿಯದ ಒಂದಿಷ್ಟು ಬಿಡುವು. ಕಾರು ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ ಗೇರಿನ ಕಡ್ಡಿ ಸಣ್ಣಗೆ ನಡುಗುವುದನ್ನು ಕಂಡಿದ್ದೀರಾ? ಆ ಬಿಡುವಿನ ಫಲ ಅದು. ಒಂದು ಸಿಲಿಂಡರ್ ಕಡಿಮೆಯಾದ್ದರಿಂದ ತೂಕ ಕಡಿಮೆ, ಉಜ್ಜಾಟ ಕಡಿಮೆ, ಖರ್ಚೂ ಕಡಿಮೆ. ಸ್ವಲ್ಪ ನಡುಕವನ್ನು ನಾವು ಸಹಿಸಿಕೊಂಡೆವು.

1986ರಲ್ಲಿ ಎರಡನೆಯ ತಲೆಮಾರಿನ ಕಾರು ಬಂತು. ಸುಜುಕಿ ಜಪಾನಿನಲ್ಲಿ ಆಲ್ಟೋವನ್ನು ಹೊಸದಾಗಿ ವಿನ್ಯಾಸ ಮಾಡಿತ್ತು, ಅದೇ ಇಲ್ಲಿಗೂ ಬಂತು. ಉದ್ದ 3.3 ಮೀಟರಿನಷ್ಟು, ಅಗಲ 1.44 ಮೀಟರ್. ಮುಂಭಾಗ ತುಸು ಇಳಿಜಾರಾಯಿತು, ಗಾಳಿಯನ್ನು ಸೀಳಿಕೊಂಡು ಹೋಗಲು ಅನುಕೂಲ. ಎಂಜಿನ್ ಮಾತ್ರ ಅದೇ 796. ಮರುವರ್ಷ ಹಂಗೇರಿ ದೇಶಕ್ಕೆ 500 ಕಾರುಗಳು ಹಡಗೇರಿದವು. 1997ರಲ್ಲಿ ಮೂಲೆಗಳನ್ನು ದುಂಡಗೆ ಮಾಡಿ ಮುಖ ಬದಲಿಸಿದರು. ಇವೆಲ್ಲ ಹೊರಗಿನ ಮಾತು. ದೊಡ್ಡ ಬದಲಾವಣೆ ಬಾನೆಟ್ಟಿನೊಳಗೆ ಆಯಿತು, ಅದಕ್ಕೆ ಕಾರಣವಾದದ್ದು ನಾವು ಉಸಿರಾಡುವ ಗಾಳಿ.

ಹೊಗೆಯ ಲೆಕ್ಕ

ಮೊದಲು ಒಂದು ಪ್ರಯೋಗ. ಒಂದು ಲೋಟ ನೀರಿನಲ್ಲಿ ಒಂದು ಸ್ಟ್ರಾ ನೆಟ್ಟಗೆ ನಿಲ್ಲಿಸಿ. ಅದರ ಮೇಲ್ತುದಿ ನೀರಿನಿಂದ ಒಂದೆರಡು ಸೆಂಟಿಮೀಟರ್ ಮಾತ್ರ ಮೇಲಿರಲಿ. ಇನ್ನೊಂದು ಸ್ಟ್ರಾದಿಂದ ಆ ತುದಿಯ ಮೇಲೆ ಅಡ್ಡಲಾಗಿ ಜೋರಾಗಿ ಊದಿ. ನೀರು ಮೇಲೇರಿ ತುಂತುರಾಗಿ ಚಿಮ್ಮುತ್ತದೆ. (ಎದುರಿಗೆ ಯಾರೂ ಇರದಂತೆ ನೋಡಿಕೊಳ್ಳಿ.) ನೀವು ಊದಿದ ಗಾಳಿ ತುದಿಯ ಬಳಿ ಒತ್ತಡವನ್ನು ಕಡಿಮೆ ಮಾಡಿತು, ಲೋಟದ ನೀರಿನ ಮೇಲಿರುವ ವಾತಾವರಣದ ಒತ್ತಡ ನೀರನ್ನು ಮೇಲಕ್ಕೆ ದೂಡಿತು. ಹಳೆಯ ಮಾರುತಿಯ ಕಾರ್ಬ್ಯುರೇಟರ್ ಮಾಡುತ್ತಿದ್ದುದು ಇದನ್ನೇ. ಎಂಜಿನ್ ಒಳಗೆಳೆದುಕೊಳ್ಳುವ ಗಾಳಿ ಒಂದು ಕಿರಿದಾದ ಕುತ್ತಿಗೆಯಲ್ಲಿ ವೇಗವಾಗಿ ಹಾಯುತ್ತದೆ. ಅಲ್ಲಿರುವ ಸಣ್ಣ ರಂಧ್ರದಿಂದ ಪೆಟ್ರೋಲ್ ತುಂತುರಾಗಿ ಗಾಳಿಗೆ ಸೇರುತ್ತದೆ.

ಸರಳ, ಅಗ್ಗ, ಸ್ಪ್ಯಾನರ್ ಮತ್ತು ಸ್ಕ್ರೂ ಡ್ರೈವರ್ ಇದ್ದರೆ ರಸ್ತೆ ಬದಿಯಲ್ಲೇ ಬಿಚ್ಚಿ ಸರಿಮಾಡಬಹುದು. ಆದರೆ ಅದಕ್ಕೆ ಬುದ್ಧಿಯಿಲ್ಲ. ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಒಂದು ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಚಳಿಯ ಬೆಳಿಗ್ಗೆಯಲ್ಲಿ ಪೆಟ್ರೋಲ್ ಸುಲಭವಾಗಿ ಆವಿಯಾಗುವುದಿಲ್ಲ, ಆಗ 'ಚೋಕ್' ಎಳೆದು ಹೆಚ್ಚು ಪೆಟ್ರೋಲ್ ಕೊಡಬೇಕಿತ್ತು. ಕರಾವಳಿಯಿಂದ ಮಡಿಕೇರಿಗೆ ಹತ್ತಿದರೆ ಇನ್ನೊಂದು ತೊಂದರೆ. ಎತ್ತರದಲ್ಲಿ ಗಾಳಿ ತೆಳು. ಕಾರ್ಬ್ಯುರೇಟರಿಗೆ ಅದು ತಿಳಿಯದು, ಗಾಳಿಗೆ ಹೋಲಿಸಿದರೆ ಪೆಟ್ರೋಲನ್ನು ಹೆಚ್ಚಾಗಿಯೇ ಬಿಡುತ್ತದೆ. ಗಾಳಿ ಸಾಲದೆ ಅರೆಬರೆ ಉರಿದ ಪೆಟ್ರೋಲ್ ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬರುತ್ತದೆ. ಅದು ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ.

ಇದರ ಜೊತೆಗೆ ಸೀಸ. ಎಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿದು 'ಟಕಟಕ' ಎಂದು ಬಡಿಯದಿರಲಿ ಎಂದು ಅದಕ್ಕೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಆ ಸೀಸವೆಲ್ಲ ಹೊಗೆಯಲ್ಲಿ ಹೊರಬಂದು ರಸ್ತೆಯ ದೂಳಿನಲ್ಲಿ ಸೇರುತ್ತಿತ್ತು. ಸೀಸ ಎಲ್ಲರಿಗೂ ಕೆಟ್ಟದ್ದು, ಬೆಳೆಯುವ ಮಕ್ಕಳ ಮೆದುಳಿಗೆ ಇನ್ನೂ ಕೆಟ್ಟದ್ದು. ಅಂದರೆ ಕಾರಿನಲ್ಲಿ ಎಂದೂ ಕೂರದ, ರಸ್ತೆ ಬದಿಯಲ್ಲಿ ಗೋಲಿ ಆಡುವ ಮಗು ಕೂಡ ಆ ಕಾರಿನ ಬೆಲೆಯಲ್ಲಿ ಪಾಲು ಕೊಡುತ್ತಿತ್ತು. ಶೋರೂಮಿನ ಬೆಲೆಪಟ್ಟಿಯಲ್ಲಿ ಈ ಪಾಲು ಕಾಣುತ್ತಿರಲಿಲ್ಲ.

1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಅದು ಹೊಗೆ ಕೊಳವೆಯ ದಾರಿಯಲ್ಲಿ ಕೂರಿಸುವ ಒಂದು ಡಬ್ಬಿ. ಒಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ಕಿಂಡಿಗಳು, ಅವುಗಳ ಗೋಡೆಗೆ ಪ್ಲಾಟಿನಂ, ಪಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ಇವು ಕ್ರಿಯಾವರ್ಧಕಗಳು. ತಾವು ಖರ್ಚಾಗದೆ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಆಗಿಯೂ, ಉರಿಯದೆ ಉಳಿದ ಪೆಟ್ರೋಲನ್ನು ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿಯೂ ಬದಲಿಸುತ್ತವೆ. ಆದರೆ ಸೀಸವಿರುವ ಪೆಟ್ರೋಲ್ ಹಾಕಿದರೆ ಆ ಲೇಪದ ಮೇಲೆ ಸೀಸ ಕೂತು ಡಬ್ಬಿ ಸತ್ತಂತೆಯೇ. ಹೀಗಾಗಿ ಸೀಸವಿಲ್ಲದ ಪೆಟ್ರೋಲೂ ಜೊತೆಯಲ್ಲೇ ಬರಬೇಕಾಯಿತು. 2000ದ ಫೆಬ್ರವರಿಯಿಂದ ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ನನ್ನನ್ನು ಕೇಳಿದರೆ ಈ ಇಡೀ ಕಥೆಯಲ್ಲಿ ಅತ್ಯಂತ ಒಳ್ಳೆಯ ದಿನ ಅದೇ.

1999ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಪ್ರದೇಶಕ್ಕೆ ಕಟ್ಟುನಿಟ್ಟಿನ ಹೊಗೆ ಮಿತಿಗಳನ್ನು ತಾರೀಕು ಸಮೇತ ಹೇಳಿತು. ಅದನ್ನು ಮುಟ್ಟಲು ಹಳೆಯ ಕಾರ್ಬ್ಯುರೇಟರಿನ ಕೈಯಲ್ಲಿ ಆಗಲಿಲ್ಲ. ಆಗ ಮಾರುತಿ 800ಕ್ಕೆ ಬಂದದ್ದು 'ಎಂಪಿಎಫ್‌ಐ'. ಈ ಅಕ್ಷರಗಳನ್ನು ಆ ಕಾಲದ ಕಾರುಗಳ ಹಿಂದೆ ಹೆಮ್ಮೆಯಿಂದ ಅಂಟಿಸಿರುತ್ತಿದ್ದರು. ಇದರಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಪುಟ್ಟ ಪಿಚಕಾರಿ. ಯಾವಾಗ, ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ಹೇಳುವುದು ಒಂದು ಸಣ್ಣ ಕಂಪ್ಯೂಟರು. ಒಳಬರುವ ಗಾಳಿ ಎಷ್ಟು, ಎಂಜಿನ್ ಎಷ್ಟು ಬಿಸಿಯಾಗಿದೆ, ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಅದು ಸಂವೇದಕಗಳಿಂದ ತಿಳಿದುಕೊಳ್ಳುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೇ ಎಂದು ಮೂಸಿ ಹೇಳಲೂ ಒಂದು ಸಂವೇದಕವಿದೆ. ಆಮ್ಲಜನಕ ಉಳಿದಿದ್ದರೆ ಪೆಟ್ರೋಲ್ ಕಡಿಮೆಯಾಗಿದೆ, ಸ್ವಲ್ಪ ಹೆಚ್ಚು ಕೊಡು. ಏನೂ ಉಳಿದಿಲ್ಲವೆಂದರೆ ಹೆಚ್ಚಾಗಿದೆ, ಕಡಿಮೆ ಮಾಡು. ಅಮ್ಮ ಸಾರಿನ ರುಚಿ ನೋಡಿ ಉಪ್ಪು ಸರಿಮಾಡುವ ಹಾಗೆ. ಆದರೆ ಈ ಕಂಪ್ಯೂಟರು ಕಾರು ಓಡುವಷ್ಟು ಹೊತ್ತೂ ರುಚಿ ನೋಡುತ್ತಲೇ ಇರುತ್ತದೆ. ಮಡಿಕೇರಿಯಾದರೇನು, ಮಂಗಳೂರಾದರೇನು, ಅಳತೆ ತಪ್ಪುವುದಿಲ್ಲ.

ಫಲ ಎಷ್ಟೆಂದು ನೋಡಿ. 1991ರ ನಿಯಮದಲ್ಲಿ ಪೆಟ್ರೋಲ್ ಕಾರೊಂದು ಪ್ರತಿ ಕಿಲೋಮೀಟರಿಗೆ 14ರಿಂದ 27 ಗ್ರಾಂವರೆಗೂ ಕಾರ್ಬನ್ ಮಾನಾಕ್ಸೈಡ್ ಬಿಡಬಹುದಿತ್ತು. ಮುಂದೆ ಬಂದ 'ಭಾರತ್ ಸ್ಟೇಜ್ 3'ರಲ್ಲಿ ಮಿತಿ 2.3 ಗ್ರಾಂಗೆ ಇಳಿಯಿತು, 'ಸ್ಟೇಜ್ 4'ರಲ್ಲಿ 1 ಗ್ರಾಂಗೆ. ನಿಮ್ಮ ಮನೆಯಿಂದ ಶಾಲೆಗೆ ಎಷ್ಟು ಕಿಲೋಮೀಟರ್ ಇದೆಯೋ ಅದರಿಂದ ಗುಣಿಸಿ ನೋಡಿ.

ಇದೇ 'ಸ್ಟೇಜ್ 4' ಮಾರುತಿ 800ರ ದಾರಿಗೆ ಅಡ್ಡ ಬಂದದ್ದು. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಲ್ಲಿ ಆ ಮಿತಿ ಜಾರಿಗೆ ಬಂತು. ಹಳೆಯ ಕಾರನ್ನು ಅದಕ್ಕೆ ಹೊಂದಿಸುವ ಖರ್ಚು ಹಾಕುವುದು ಬೇಡವೆಂದು ಕಂಪನಿ ನಿರ್ಧರಿಸಿತು. ಆ ನಗರಗಳಲ್ಲಿ ಮಾರಾಟ ನಿಂತಿತು, ಉಳಿದ ಊರುಗಳಲ್ಲಿ ಇನ್ನೂ ಕೆಲವು ವರ್ಷ ನಡೆಯಿತು. 2014ರ ಜನವರಿ 18ಕ್ಕೆ ತಯಾರಿಕೆಯೇ ಮುಗಿಯಿತು. ಆ ಹೊತ್ತಿಗೆ 2000ದಲ್ಲಿ ಬಂದಿದ್ದ ಮಾರುತಿಯ ಆಲ್ಟೋ ಅದರ ಜಾಗವನ್ನು ಆಗಲೇ ಹಿಡಿದುಕೊಂಡಿತ್ತು. ಆಲ್ಟೋದ ಮೊದಲ ಕಾರುಗಳಲ್ಲೂ ಇದ್ದುದು ಅದೇ 796 ಸಿ.ಸಿ.! 2012ರಲ್ಲಿ ಅದನ್ನೇ ಹೊಸದಾಗಿ ರೂಪಿಸಿ 'ಆಲ್ಟೋ 800' ಎಂದು ಹೆಸರಿಟ್ಟರು. 2023ರಲ್ಲಿ ಅದೂ ನಿಂತಿತು.

ಅಗ್ಗ ಎಂದರೆ ಏನೇನು ಬಿಡಬಹುದು?

ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾರೆ. ಕಾರನ್ನು ಅಗ್ಗವಾಗಿಸಲು ಉದ್ದನೆಯ ದಂಡ ಬಿಟ್ಟರು, ಒಂದು ಸಿಲಿಂಡರ್ ಬಿಟ್ಟರು. ನಷ್ಟವಾಗಲಿಲ್ಲ. ಆದರೆ ತಗಡನ್ನು ತೆಳು ಮಾಡಿದರೆ? ಏರ್‌ಬ್ಯಾಗ್ ಬಿಟ್ಟರೆ?

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಐದು ಚಿಕ್ಕ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಗುದ್ದಿಸಿ ಪರೀಕ್ಷಿಸಿತು. ಒಳಗೆ ಮನುಷ್ಯರ ಬದಲು ಗೊಂಬೆಗಳು. ಪರೀಕ್ಷೆಗೊಳಗಾದವುಗಳಲ್ಲಿ ಆಲ್ಟೋ 800 ಕೂಡ ಇತ್ತು, ಬೇರೆ ಕಂಪನಿಗಳ ಕಾರುಗಳೂ ಇದ್ದವು. ಏರ್‌ಬ್ಯಾಗ್ ಇಲ್ಲದ ಆ ಐದೂ ಕಾರುಗಳಿಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ ನಕ್ಷತ್ರ.

64 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 17.8 ಮೀಟರ್. ಎಷ್ಟು ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಈ ವೇಗ ಬರುತ್ತದೆ ಗೊತ್ತೇ? ಸುಮಾರು 16 ಮೀಟರ್, ಎತ್ತರದ ತೆಂಗಿನ ಮರದಷ್ಟು. ಮರದಿಂದ ಬಿದ್ದ ಕಾಯಿ ಕಲ್ಲಿನ ಮೇಲೆ ಬೀಳುವುದಕ್ಕೂ ಹುಲ್ಲಿನ ಮೆದೆಯ ಮೇಲೆ ಬೀಳುವುದಕ್ಕೂ ವ್ಯತ್ಯಾಸವಿದೆ. ಮೆದೆ ಕಾಯಿಯನ್ನು ನಿಲ್ಲಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಆದ್ದರಿಂದ ಕಾಯಿಯ ಮೇಲಿನ ಬಲ ಕಡಿಮೆ. ಒಳ್ಳೆಯ ಕಾರಿನ ಮುಂಭಾಗವನ್ನು ಹುಲ್ಲಿನ ಮೆದೆಯಂತೆ ಮಡಚಿಕೊಳ್ಳಲೆಂದೇ ಮಾಡಿರುತ್ತಾರೆ, ಕೂರುವ ಗೂಡನ್ನು ಮಾತ್ರ ಕಲ್ಲಿನಂತೆ ಗಟ್ಟಿ. ಬಾನೆಟ್ ಗಿಡ್ಡವಾದಷ್ಟೂ ಮಡಚಲು ಜಾಗ ಕಡಿಮೆ. ಚಿಕ್ಕ ಕಾರಿನ ಹುಟ್ಟು ತೊಂದರೆ ಇದು. ಗೂಡೇ ಮೆತ್ತಗಿದ್ದರೆ ಏರ್‌ಬ್ಯಾಗ್ ಇದ್ದೂ ಪೂರ್ತಿ ಪ್ರಯೋಜನವಿಲ್ಲ. ಸೀಟ್ ಬೆಲ್ಟ್ ಹಾಕದಿದ್ದರಂತೂ ಕಾರು ನಿಂತರೂ ಜಡತ್ವದಿಂದ ನೀವು ಅದೇ ವೇಗದಲ್ಲಿ ಮುಂದೆ ಹೋಗುತ್ತೀರಿ.

ಆದರೆ ಇನ್ನೊಂದು ಮಗ್ಗುಲೂ ಇದೆ. ಅಪ್ಪ, ಅಮ್ಮ, ನಡುವೆ ಒಂದು ಮಗು, ಮುಂದೆ ನಿಂತ ಇನ್ನೊಂದು ಮಗು, ಹೀಗೆ ನಾಲ್ವರು ಒಂದೇ ಸ್ಕೂಟರಿನಲ್ಲಿ ಹೋಗುವುದನ್ನು ನೀವು ದಿನವೂ ನೋಡುತ್ತೀರಿ. ಅವರಿಗೆ ಮಡಚುವ ಮುಂಭಾಗವೂ ಇಲ್ಲ, ಗೂಡೂ ಇಲ್ಲ. ಇಂತಹ ಕುಟುಂಬವನ್ನು ಕಂಡೇ ಒಂದು ಲಕ್ಷ ರೂಪಾಯಿಯ ಕಾರಿನ ಯೋಚನೆ ಬಂತೆಂದು ರತನ್ ಟಾಟಾ ಹೇಳಿದ್ದರು. ಹಾಗೆ 2009ರಲ್ಲಿ ಮಾರಾಟಕ್ಕೆ ಬಂದ ನ್ಯಾನೋ ಎರಡೇ ಸಿಲಿಂಡರಿನ 624 ಸಿ.ಸಿ. ಕಾರು, ಎಂಜಿನ್ ಹಿಂದೆ. ಆ ಐದು ಕಾರುಗಳ ಪರೀಕ್ಷೆಯಲ್ಲಿ ಅದೂ ಇತ್ತು. ಅದು ಹತ್ತು ವರ್ಷದೊಳಗೆ ನಿಂತುಹೋಯಿತು. ಬೆಲೆ ಏರಿದರೆ ಆ ಸ್ಕೂಟರಿನ ಕುಟುಂಬ ಕಾರಿಗೆ ಬರುವುದೇ ಇಲ್ಲ, ಬೆಲೆ ಇಳಿಸಲು ರಕ್ಷಣೆಯನ್ನು ಬಿಟ್ಟರೆ ಬಂದವರಿಗೆ ಮೋಸ. ಈ ಜಗ್ಗಾಟದಲ್ಲಿ ಸರ್ಕಾರ ಒಂದು ಗೆರೆ ಎಳೆಯಿತು. ಹೊಸ ಮಾಡೆಲುಗಳಿಗೆ 2017ರ ಅಕ್ಟೋಬರಿನಿಂದ, ಹಳೆಯವಕ್ಕೆ 2019ರ ಅಕ್ಟೋಬರಿನಿಂದ ಡಿಕ್ಕಿ ಪರೀಕ್ಷೆ ಕಡ್ಡಾಯ. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯ, ಮುಂದೆ ಪಕ್ಕದವರಿಗೂ. ಬೆಲೆ ಏರಿತು, ನಿಜ. ಗೆರೆಯನ್ನು ಇನ್ನೂ ಮುಂಚೆ ಎಳೆಯಬೇಕಿತ್ತೆಂಬುದು ನನ್ನ ಅಭಿಪ್ರಾಯ.

ಮತ್ತೆ ಆ ಹುಡುಗಿಯ ವಿಷಯ. ಮುಂದಿನ ಸಲ ಅದೇ ಶಾಲೆಗೆ ಹೋದಾಗ ಊರಿನ ಗ್ಯಾರೇಜಿನಿಂದ ಮಾರುತಿಯ ಹಳೆಯ ಪಿಸ್ಟನ್ ಒಂದನ್ನು ಕೇಳಿ ತಂದಿದ್ದೆ. ಮೆಕ್ಯಾನಿಕ್ ಅದನ್ನು ಪೆನ್ನು, ಟೆಸ್ಟರ್ ನಿಲ್ಲಿಸಲು ಇಟ್ಟುಕೊಂಡಿದ್ದರು. "ಸಂಜೆ ವಾಪಸ್ ಕೊಡಿ ಮೇಷ್ಟ್ರೇ" ಎಂದು ಎರಡು ಸಲ ಹೇಳಿಯೇ ಕೊಟ್ಟರು. ಹುಡುಗಿ ಅದನ್ನು ಎರಡು ಚೌಕಾಕಾರದ ಮರದ ತುಂಡುಗಳ ನಡುವೆ ಇಟ್ಟು, ತುಂಡುಗಳ ನಡುವಿನ ದೂರವನ್ನು ಸ್ಕೇಲಿನಿಂದ ಅಳೆದಳು. ಆರು ಸೆಂಟಿಮೀಟರ್ ಮತ್ತು ಎಂಟೂವರೆ ಮಿಲಿಮೀಟರ್. ಸಿಲಿಂಡರಿನೊಳಗೆ ಸಲೀಸಾಗಿ ಆಡಲೆಂದು ಪಿಸ್ಟನ್ ಅದಕ್ಕಿಂತ ಕೂದಲೆಳೆಯಷ್ಟು ಸಣ್ಣದಿರುತ್ತದೆ, ಅದು ಸ್ಕೇಲಿಗೆ ಸಿಗುವುದಿಲ್ಲ. ಅವಳು ಬೋರ್ಡಿನ ಮೇಲೆ ಲೆಕ್ಕ ಮಾಡಿದಳು. ಪೈಗೆ 22/7 ಹಾಕಿದ್ದರಿಂದ ಉತ್ತರ 796.3 ಬಂತು. ತೂಕ ಎಂದಿದ್ದ ಹುಡುಗ ಎರಡು ಸಲ ಗುಣಿಸಿ ನೋಡಿ ಒಪ್ಪಿಕೊಂಡ.

ನಿಮಗೂ ಒಂದು ಲೆಕ್ಕ. ಊರೂರಲ್ಲಿ ಕಾಣುವ ಹೀರೋ ಹೋಂಡಾ ಸ್ಪ್ಲೆಂಡರ್ ಬೈಕಿಗೆ ಒಂದೇ ಸಿಲಿಂಡರ್. ಒಳವ್ಯಾಸ 50 ಮಿ.ಮೀ., ಪಿಸ್ಟನ್ ಚಲಿಸುವ ದೂರ 49.5 ಮಿ.ಮೀ. ಅದನ್ನು '100 ಸಿ.ಸಿ. ಬೈಕು' ಎಂದು ಎಲ್ಲರೂ ಕರೆಯುತ್ತಾರೆ. ಅದರಲ್ಲಿ ಎಷ್ಟು ಸಿ.ಸಿ. ಸುಮ್ಮನೆ ಸೇರಿಸಿಕೊಂಡದ್ದು, ಕಂಡುಹಿಡಿಯಿರಿ.